ಧೂಮಪಾನದ ಎಚ್ಚರಿಕೆಯೂ ಮನಸ್ಸಾಕ್ಷಿಯ ಚುಚ್ಚುವಿಕೆಯೂ

(ಸಭೆಯ ಹಿರಿಯರಿಗೂ ಉಪಾಧ್ಯಾಯರಿಗೂ ಮನೆಯ ಯಜಮಾನರಿಗೂ ಒಂದು ಪಾಠ)



ಬೀಡಿ, ಸಿಗರೇಟು, ಚುಟ್ಟ ಇವುಗಳನ್ನು ಸೇದುವದು ಶರೀರಕ್ಕೆ ಕೇಡೆಂಬದನ್ನು ಅರಿಯದವರು ಈಗ ನಮ್ಮ ಹಳ್ಳಿಗಳಲ್ಲಿಯೂ ವಿರಳ. ಪೊಟ್ಟಣದ ಮೇಲೆ ರೋಗಿಯ ಚಿತ್ರವುಂಟು; ಬಸ್ಸಿನ ನಿಲ್ದಾಣದ ಗೋಡೆಯ ಮೇಲೆ ಬರಹವುಂಟು; ಚಲನಚಿತ್ರವು ಆರಂಭವಾಗುವದಕ್ಕೆ ಮುಂಚೆಯೂ ಎಚ್ಚರಿಕೆಯುಂಟು. ಹೀಗಿದ್ದರೂ ಅಂಗಡಿಯ ಮುಂದೆ ನೇತುಹಾಕಿದ ಹಗ್ಗದ ತುದಿಯ ಕೆಂಡವು ಆರಲಿಲ್ಲ. ಹೇಳುವವರು ಹೇಳುತ್ತಲೇ ಇದ್ದಾರೆ. ಸೇದುವವರು ಸೇದುತ್ತಲೇ ಇದ್ದಾರೆ. ಇದಕ್ಕೆ ಕಾರಣವೇನು? ಕೇಳುವವನ ಕಿವಿ ಮಂದವಾಯಿತೋ? ಹೇಳುವವನ ಬಾಯಿ ತಪ್ಪಿತೋ?

ತಂಬಾಕಿನ ಕೇಡುಗಳನ್ನು ಮತ್ತೊಮ್ಮೆ ಪಟ್ಟಿಮಾಡುವದು ಈ ಪಾಠದ ಉದ್ದೇಶವಲ್ಲ. ಎಚ್ಚರಿಕೆಯ ಮಾತು ಮನುಷ್ಯನ ಹೃದಯದಲ್ಲಿ ಬಿದ್ದ ಮೇಲೆ ಅಲ್ಲಿ ಏನಾಗುತ್ತದೆ, ಒಂದೇ ಮಾತು ಒಬ್ಬನನ್ನು ತಿದ್ದಿ ಇನ್ನೊಬ್ಬನನ್ನು ಓಡಿಸುವದೇಕೆ ಎಂಬದನ್ನು ವಿಚಾರಿಸುವದೇ ನಮ್ಮ ಉದ್ದೇಶ. ಸಾವಧಾನವಾಗಿ ಓದಿರಿ. ಓದುಬಾರದವರಿಗೆ ಓದಿ ಹೇಳಿರಿ.

೧. ಎಚ್ಚರಿಕೆಯು ಹೊಸದಲ್ಲ

ಹೊಗೆಸೊಪ್ಪು ನಮ್ಮ ದೇಶದ ಗಿಡವಲ್ಲ. ಅದು ಅಮೆರಿಕ ಖಂಡದಲ್ಲಿ ಹುಟ್ಟಿ, ಪೋರ್ಚುಗೀಸರ ಹಡಗುಗಳ ಮೂಲಕ ಹಿಂದೂದೇಶಕ್ಕೆ ಬಂತು. ಅದು ಬಂದ ಸ್ವಲ್ಪ ಕಾಲದಲ್ಲಿಯೇ ಅದರ ಮೇಲೆ ನಿಷೇಧವೂ ಬಂತು. ಇಂಗ್ಲೆಂಡಿನ ಅರಸನಾದ ಜೇಮ್ಸನು ೧೬೦೪ರಲ್ಲಿ ಅದನ್ನು ಖಂಡಿಸಿ ಒಂದು ಪುಸ್ತಕವನ್ನೇ ಬರೆದನು. ಮೊಗಲ ಬಾದಶಹನಾದ ಜಹಾಂಗೀರನು ೧೬೧೭ರಲ್ಲಿ ಯಾರೂ ಸೇದಕೂಡದೆಂದು ಆಜ್ಞೆ ಹೊರಡಿಸಿದನು. ಅರಸರಿಬ್ಬರ ಮಾತನ್ನೂ ಪ್ರಜೆಗಳು ಕೇಳಲಿಲ್ಲ.

ಅರಸರದು ಬರೀ ಅಸಮಾಧಾನವಾಗಿತ್ತು. ದೃಢವಾದ ಸಾಕ್ಷಿಯು ಬಹು ಕಾಲದ ಮೇಲೆ ದೊರಕಿತು. ೧೯೫೦ರಲ್ಲಿ ಇಂಗ್ಲೆಂಡಿನಲ್ಲಿ ಡಾಲ್ ಮತ್ತು ಹಿಲ್ ಎಂಬವರೂ, ಅದೇ ವರುಷ ಅಮೆರಿಕದಲ್ಲಿ ವಿಂಡರ್ ಮತ್ತು ಗ್ರಹಾಮ್ ಎಂಬವರೂ ಆಸ್ಪತ್ರೆಯ ರೋಗಿಗಳನ್ನು ವಿಚಾರಿಸಿ, ಶ್ವಾಸಕೋಶದ ಅರ್ಬುದ ರೋಗಕ್ಕೂ ಸಿಗರೇಟಿಗೂ ಇರುವ ಸಂಬಂಧವನ್ನು ಪ್ರಕಟಿಸಿದರು. ಅನಂತರ ಡಾಲ್ ಪಂಡಿತರು ಬ್ರಿಟಿಷ್ ವೈದ್ಯರನ್ನೇ ಐವತ್ತು ವರುಷ ಗಮನಿಸುತ್ತಾ ಬಂದು, ೨೦೦೪ರಲ್ಲಿ ಅದರ ಫಲವನ್ನು ತಿಳಿಸಿದರು: ಬಿಡದೆ ಸೇದುವವನು ಸರಾಸರಿ ಹತ್ತು ವರುಷ ಆಯುಸ್ಸನ್ನು ಕಳೆದುಕೊಳ್ಳುತ್ತಾನೆ, ಐವತ್ತನೆಯ ವಯಸ್ಸಿನಲ್ಲಿ ಬಿಟ್ಟವನು ಅದರಲ್ಲಿ ಸುಮಾರು ಆರು ವರುಷಗಳನ್ನೂ, ನಾಲ್ವತ್ತರಲ್ಲಿ ಬಿಟ್ಟವನು ಸುಮಾರು ಒಂಭತ್ತು ವರುಷಗಳನ್ನೂ ತಿರಿಗಿ ಪಡೆಯುತ್ತಾನೆ. ನಮ್ಮ ಬೀಡಿಯು ಎಲೆಯದು, ಅದು ಕೇಡು ಮಾಡದು ಎಂದು ಹೇಳುವವರಿಗೂ ಉತ್ತರವುಂಟು. ಹಿಂದೂದೇಶದ ಮನೆಗಳಲ್ಲಿ ನಡೆಸಿ ೨೦೦೮ರಲ್ಲಿ ಪ್ರಕಟಿಸಿದ ದೊಡ್ಡ ವಿಚಾರಣೆಯ ಪ್ರಕಾರ ಬೀಡಿ ಸೇದುವ ಗಂಡಸರು ಸುಮಾರು ಆರು ವರುಷ, ಹೆಂಗಸರು ಸುಮಾರು ಎಂಟು ವರುಷ ಆಯುಸ್ಸನ್ನು ಕಳೆದುಕೊಳ್ಳುತ್ತಾರೆ.

ಸರಕಾರವೂ ಸುಮ್ಮನಿರಲಿಲ್ಲ. ೧೯೭೫ರ ಕಾನೂನಿನಿಂದ ಸಿಗರೇಟಿನ ಪೊಟ್ಟಣದ ಮೇಲೆ ಎಚ್ಚರಿಕೆಯ ಅಕ್ಷರಗಳು ಬಂದವು. ೨೦೦೩ರಲ್ಲಿ ಇನ್ನೂ ದೊಡ್ಡ ಕಾನೂನು ಬಂತು. ೨೦೦೮ನೇ ಅಕ್ಟೋಬರ್ ೨ರಿಂದ ಸಾರ್ವಜನಿಕ ಸ್ಥಳಗಳಲ್ಲಿ ಸೇದುವದನ್ನು ದೇಶದಲ್ಲೆಲ್ಲಾ ನಿಷೇಧಿಸಲಾಯಿತು. ೨೦೦೯ನೇ ಮೇ ೩೧ರಿಂದ ಪೊಟ್ಟಣಗಳ ಮೇಲೆ ಚಿತ್ರಗಳು ಬಂದವು. ೨೦೧೬ನೇ ಏಪ್ರಿಲಿನಿಂದ ಚಿತ್ರವೂ ಬರಹವೂ ಸೇರಿ ಪೊಟ್ಟಣದ ಎರಡು ಮುಖಗಳಲ್ಲಿಯೂ ನೂರಕ್ಕೆ ೮೫ ಪಾಲು ಸ್ಥಳವನ್ನು ತುಂಬಿದವು.

೨೦೧೬-೧೭ರಲ್ಲಿ ನಡೆದ ದೇಶದ ಗಣನೆಯಲ್ಲಿ ಪ್ರಾಯಸ್ಥರಲ್ಲಿ ನೂರಕ್ಕೆ ೨೮.೬ ಮಂದಿ, ಕರ್ನಾಟಕದಲ್ಲಿ ನೂರಕ್ಕೆ ೨೨.೮ ಮಂದಿ, ಸೇದುವದರಿಂದಲೋ ಅಗಿಯುವದರಿಂದಲೋ ಹೊಗೆಸೊಪ್ಪನ್ನು ಉಪಯೋಗಿಸುತ್ತಿದ್ದರು. ಅದೇ ಗಣನೆಯಲ್ಲಿ, ಸೇದುವದರಿಂದ ಕಠಿಣ ರೋಗಗಳು ಬರುತ್ತವೆಂದು ನಂಬಿದವರು ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿ. ಈ ಎರಡು ಸಂಖ್ಯೆಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ನೋಡಿರಿ. ಕೊರತೆಯು ತಿಳುವಳಿಕೆಯದಲ್ಲ. ತಿಳಿದವನೇ ಸೇದುತ್ತಾನೆ. ಹಾಗಾದರೆ ತಿಳಿದವನಿಗೆ ತಿಳಿಸುವದರಿಂದ ಪ್ರಯೋಜನವೇನು?

೨. ನಮ್ಮಿಂದಾದ ಒಂದು ತಪ್ಪು

ಈ ಪಾಠವನ್ನು ನಾವು ಪುಸ್ತಕದಿಂದ ಮಾತ್ರ ಕಲಿತವರಲ್ಲ. ಕೆಲವು ವರುಷಗಳ ಹಿಂದೆ ಆರೋಗ್ಯ ಇಲಾಖೆಯ ಚಿತ್ರಪಟವೊಂದು ನಮ್ಮ ಕೈಗೆ ಬಂತು. ಭಾನುವಾರದ ಆರಾಧನೆ ಮುಗಿದ ಬಳಿಕ ನಾವು ಅದನ್ನು ಗೋಡೆಗೆ ತೂಗುಹಾಕಿ ಬೀಡಿಯ ವಿಷಯವಾಗಿ ಮಾತಾಡಿದೆವು. ಸಭೆಯಲ್ಲಿ ಕಲ್ಲು ಒಡೆಯುವ ಕೂಲಿಯವರೊಬ್ಬರಿದ್ದರು. ವಯಸ್ಸು ಐವತ್ತರ ಹತ್ತಿರ. ಅವರು ದಿನಕ್ಕೆ ಒಂದು ಕಟ್ಟು ಬೀಡಿ ಸೇದುತ್ತಾರೆಂದು ಎಲ್ಲರೂ ಬಲ್ಲರು. ಬೀಡಿಗೆ ಕೊಟ್ಟ ಹಣವು ಮಕ್ಕಳ ಬಾಯಿಂದ ಕಿತ್ತುಕೊಂಡ ಅನ್ನವೆಂದು ನಾವು ಹೇಳುವಾಗ ನಮ್ಮ ಕಣ್ಣು ಅವರ ಕಡೆಗೆ ತಿರುಗಿತು. ನಮ್ಮ ಕಣ್ಣಿನ ಹಿಂದೆ ಸಭೆಯ ಕಣ್ಣುಗಳೆಲ್ಲಾ ತಿರುಗಿದವು. ಅವರ ಚಿಕ್ಕ ಮಗಳು ತಲೆತಗ್ಗಿಸಿಕೊಂಡಳು.

ಮುಂದಿನ ಭಾನುವಾರ ಅವರು ಬರಲಿಲ್ಲ. ಅದರ ಮುಂದಿನ ಭಾನುವಾರವೂ ಬರಲಿಲ್ಲ. ಮನಸ್ಸಾಕ್ಷಿಯು ಕೆಲಸಮಾಡುತ್ತಿದೆ ಎಂದು ನಾವು ನೆನಸಿ ಒಳಗೊಳಗೇ ಸಂತೋಷಪಟ್ಟೆವು! ನಡೆದದ್ದು ಬೇರೆ. ಮೊದಲು ಜಗಲಿಯ ಮೇಲೆ ಕೂತು ಸೇದುತ್ತಿದ್ದವರು ಆಮೇಲೆ ಕೆರೆಯ ಏರಿಯ ಹಿಂದೆ ಹೋಗಿ ಸೇದತೊಡಗಿದರು. ಕೆಮ್ಮು ಹೆಚ್ಚಿತು. ಆಸ್ಪತ್ರೆಗೆ ಹೋಗೆಂದು ಮನೆಯವರು ಬೇಡಿಕೊಂಡಾಗ, ಅಲ್ಲಿಯ ಡಾಕ್ಟರರೂ ಉಪದೇಶಿಗಳ ಹಾಗೆ ಹತ್ತು ಮಂದಿಯ ಮುಂದೆ ಬೀಡಿಯ ಲೆಕ್ಕ ಕೇಳುವರು ಎಂದು ಹೇಳಿ ಒಂದು ಮಳೆಗಾಲವನ್ನೇ ಕಳೆದರು. ಕಡೆಗೆ ಹೋದಾಗ ಕ್ಷಯರೋಗವು ಒಂದು ಶ್ವಾಸಕೋಶವನ್ನು ಬಹಳವಾಗಿ ತಿಂದಿತ್ತು. ಆರು ತಿಂಗಳ ಔಷಧದಿಂದ ಪ್ರಾಣ ಉಳಿಯಿತು. ಕಲ್ಲು ಒಡೆಯುವ ಬಲವು ತಿರಿಗಿ ಬರಲಿಲ್ಲ.

ಈ ವರ್ತಮಾನವನ್ನು ಅವರ ಹೆಂಡತಿಯ ಬಾಯಿಂದ ಕೇಳಿದ ದಿನ ನಾವು ಅವರ ಮನೆಗೆ ಹೋಗಿ, ನಮ್ಮ ತಪ್ಪನ್ನು ಒಪ್ಪಿಕೊಂಡೆವು. ಅವರು ಸಿಟ್ಟು ಮಾಡಲಿಲ್ಲ. “ಉಪದೇಶಿಗಳೇ, ಬೀಡಿ ಕೆಟ್ಟದ್ದೆಂದು ನನಗೆ ಗೊತ್ತಿಲ್ಲವೆಂದು ನೆನಸಿದಿರೋ? ಇಪ್ಪತ್ತು ವರುಷದಿಂದ ಗೊತ್ತುಂಟು. ಬಿಡುವದು ಹೇಗೆಂದು ಮಾತ್ರ ಯಾರೂ ಹೇಳಲಿಲ್ಲ” ಎಂದರು.

ಆ ಮಾತು ಈ ಹೊತ್ತಿನ ವರೆಗೂ ನಮ್ಮ ಕಿವಿಯಲ್ಲಿದೆ. ಮುಂದಿನ ಭಾಗಗಳೆಲ್ಲಾ ಅದರ ವ್ಯಾಖ್ಯಾನವೇ.

೩. ಎರಡು ವಿಧವಾದ ನೋವು

ತಪ್ಪು ಮಾಡಿದವನ ಮನಸ್ಸಿನಲ್ಲಿ ಹುಟ್ಟುವ ನೋವು ಒಂದೇ ವಿಧವಾದದ್ದೆಂದು ನಾವು ಎಣಿಸಿದ್ದೆವು. ಮನಶ್ಶಾಸ್ತ್ರಜ್ಞರು ಅದನ್ನು ಎರಡಾಗಿ ವಿಂಗಡಿಸುತ್ತಾರೆ. ಅಮೆರಿಕದ ಹೆಲೆನ್ ಲೂಯಿಸ್ ಎಂಬಾಕೆ ೧೯೭೧ರಲ್ಲಿ ಈ ಭೇದವನ್ನು ವಿವರಿಸಿದಳು. ಆಕೆಯ ಬಳಿಕ ಜೂನ್ ಟ್ಯಾಂಗ್ನಿ ಎಂಬಾಕೆ ಅದನ್ನು ಅನೇಕ ಪರೀಕ್ಷೆಗಳಿಂದ ಶೋಧಿಸಿದಳು. ಮೊದಲನೆಯದು ಅಪರಾಧಭಾವ. ಅದು, ನಾನು ಮಾಡಿದ ಈ ಕೆಲಸ ಕೆಟ್ಟದ್ದು ಎಂದು ಹೇಳುತ್ತದೆ. ಎರಡನೆಯದು ಅವಮಾನ. ಅದು, ನಾನೇ ಕೆಟ್ಟವನು ಎಂದು ಹೇಳುತ್ತದೆ. ಕೆಲಸವು ಕೆಟ್ಟದ್ದಾದರೆ ಅದನ್ನು ಸರಿಪಡಿಸಬಹುದು. ಆದದರಿಂದ ಅಪರಾಧಭಾವವು ಮನುಷ್ಯನನ್ನು ಪರಿಹಾರದ ಕಡೆಗೆ ನಡಿಸುತ್ತದೆ. ತಾನೇ ಕೆಟ್ಟವನಾದರೆ ಸರಿಪಡಿಸುವದೇನನ್ನು? ಅವಮಾನಪಟ್ಟವನು ಅಡಗಿಕೊಳ್ಳುತ್ತಾನೆ, ಇಲ್ಲವೆ ಬೆರಳು ತೋರಿಸಿದವನ ಮೇಲೆ ಸಿಟ್ಟಾಗುತ್ತಾನೆ.

ನಮ್ಮ ವಾಚಕರಿಗೆ ಇದರ ದೃಷ್ಟಾಂತವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಒಂದೇ ರಾತ್ರಿಯಲ್ಲಿ ತಪ್ಪಿದ ಇಬ್ಬರು ಶಿಷ್ಯರನ್ನು ನೆನಸಿರಿ. ಇಬ್ಬರೂ ದುಃಖಪಟ್ಟರು. ಪೇತ್ರನು ಅತ್ತು ತಿರಿಗಿ ಬಂದನು. ಯೂದನು ತಿರಿಗಿ ಬರುವ ದಾರಿಯನ್ನು ಕಾಣದೆ ಹೋದನು. ನಾವು ಆ ಭಾನುವಾರ ಕಲ್ಲುಕೆಲಸದವರಿಗೆ ಕೊಟ್ಟದ್ದು ಮೊದಲನೆಯ ದುಃಖವಲ್ಲ, ಎರಡನೆಯದು.

ಇದು ನಮ್ಮೂರಿನ ಮಾತು ಮಾತ್ರವಲ್ಲ. ಶ್ವಾಸಕೋಶದ ಅರ್ಬುದವಿದ್ದ ಬ್ರಿಟನ್ ದೇಶದ ರೋಗಿಗಳನ್ನು ಮಾತಾಡಿಸಿ ೨೦೦೪ರಲ್ಲಿ ಅಲ್ಲಿಯ ವೈದ್ಯಪತ್ರಿಕೆಯಲ್ಲಿ ಒಂದು ಲೇಖನ ಪ್ರಕಟವಾಯಿತು. ಎಷ್ಟೋ ವರುಷಗಳ ಹಿಂದೆಯೇ ಬಿಟ್ಟವರೂ, ಎಂದೂ ಸೇದದವರೂ ಸಹ ತಮ್ಮ ರೋಗಕ್ಕೆ ಜನರು ತಮ್ಮನ್ನೇ ದೂರುತ್ತಾರೆಂದು ಕುಗ್ಗಿದ್ದರು. ಕೆಲವರು ರೋಗವನ್ನೇ ಮರೆಮಾಡಿದ್ದರು. ಎಚ್ಚರಿಕೆಯು ಸೇದುವದನ್ನು ದೂಷಿಸುವದಕ್ಕೆ ಹೊರಟು ಸೇದುವವನನ್ನು ದೂಷಿಸಿದರೆ ಔಷಧವೂ ವಿಷವಾಗುವದು.

ಹಾಗಾದರೆ ಅಪರಾಧಭಾವವನ್ನು ಎಬ್ಬಿಸುವದೇ ತಪ್ಪೋ? ಹಾಗಲ್ಲ, ಅಳತೆ ಬೇಕು. ಕೂಲ್ಟರ್ ಮತ್ತು ಪಿಂಟೊ ಎಂಬವರು ೧೯೯೫ರಲ್ಲಿ ಉದ್ಯೋಗಕ್ಕೆ ಹೋಗುವ ತಾಯಂದಿರಿಗೆ ಜಾಹೀರಾತುಗಳನ್ನು ತೋರಿಸಿ ಪರೀಕ್ಷಿಸಿದರು. ಅಪರಾಧವನ್ನು ಮಿತವಾಗಿ ಸೂಚಿಸಿದ ಮಾತಿಗೆ ತಾಯಂದಿರ ಮನಸ್ಸು ಕರಗಿತು; ಅತಿಯಾಗಿ ಚುಚ್ಚಿದ ಮಾತಿಗೆ ಅವರು ಸಿಟ್ಟಾದರು. ಅಡಿಗೆಗೆ ಉಪ್ಪಿನ ಹಾಗೆಯೇ ಉಪದೇಶಕ್ಕೆ ಗದರಿಕೆ. ಹೆಚ್ಚಾದರೆ ಎಲೆಯನ್ನೇ ಬಿಟ್ಟು ಏಳುವರು.

೪. ಹೆದರಿಕೆಗೆ ಒಂದು ಬಾಗಿಲು ಬೇಕು

ಕೆಲವರು, ಮಾತಿನಿಂದಾಗದು, ಭಯದಿಂದಲೇ ಆಗಬೇಕು ಎನ್ನುತ್ತಾರೆ. ಇದನ್ನೂ ವಿಚಾರಿಸೋಣ. ಜ್ಯಾನಿಸ್ ಮತ್ತು ಫೆಷ್‌ಬಾಕ್ ಎಂಬವರು ೧೯೫೩ರಲ್ಲಿ ಅಮೆರಿಕದ ಶಾಲೆಯ ಹುಡುಗರಿಗೆ ಹಲ್ಲಿನ ರೋಗಗಳ ವಿಷಯವಾಗಿ ಮೂರು ಬಗೆಯ ಉಪನ್ಯಾಸಗಳನ್ನು ಕೇಳಿಸಿದರು. ಅತಿ ಭಯಂಕರವಾದ ಉಪನ್ಯಾಸವನ್ನು ಕೇಳಿದ ಹುಡುಗರು ಬಹಳ ಹೆದರಿದರು; ಆದರೆ ಹಲ್ಲುಜ್ಜುವ ಕ್ರಮವನ್ನು ಹೆಚ್ಚಾಗಿ ತಿದ್ದಿಕೊಂಡವರು ಸೌಮ್ಯವಾದ ಉಪನ್ಯಾಸವನ್ನು ಕೇಳಿದವರೇ. ಕಿಮ್ ವಿಟ್ ಎಂಬಾಕೆ ೧೯೯೨ರಲ್ಲಿ ಇದರ ಮರ್ಮವನ್ನು ಹೀಗೆ ಬಿಡಿಸಿದಳು: ಅಪಾಯವನ್ನು ತೋರಿಸುವಾಗ, ಅದರಿಂದ ತಪ್ಪಿಸಿಕೊಳ್ಳುವ ಉಪಾಯ ನನ್ನ ಕೈಲುಂಟು ಎಂಬ ಭರವಸೆಯೂ ಕೇಳುವವನಿಗೆ ಹುಟ್ಟಬೇಕು. ಭರವಸೆ ಹುಟ್ಟಿದರೆ ಅವನು ಅಪಾಯವನ್ನು ಜಯಿಸುವದಕ್ಕೆ ಏಳುತ್ತಾನೆ. ಹುಟ್ಟದಿದ್ದರೆ ಅವನು ತನ್ನ ಹೆದರಿಕೆಯನ್ನೇ ಅಡಗಿಸುವದಕ್ಕೆ ನೋಡುತ್ತಾನೆ. ಚಿತ್ರದಿಂದ ಮುಖ ತಿರುಗಿಸುತ್ತಾನೆ, ಹೇಳಿದವನನ್ನು ಹಾಸ್ಯಮಾಡುತ್ತಾನೆ. ಮನೆಗೆ ಬೆಂಕಿ ಬಿದ್ದಿತೆಂದು ಕೂಗಿ ಬಾಗಿಲನ್ನು ತೋರಿಸದಿದ್ದರೆ ಒಳಗಿದ್ದವನು ಮಂಚದ ಕೆಳಗೆ ಅಡಗುವನು.

ಲಿಯೊನ್ ಫೆಸ್ಟಿಂಗರ್ ಎಂಬ ಪಂಡಿತನು ೧೯೫೭ರಲ್ಲಿ ಬರೆದ ಗ್ರಂಥದಲ್ಲಿ ಸೇದುವವನನ್ನೇ ಉದಾಹರಣೆಯಾಗಿ ತಕ್ಕೊಂಡನು. ಇದು ಕೇಡು ಎಂಬ ತಿಳುವಳಿಕೆಯೂ ನಾನು ಇದನ್ನು ಮಾಡುತ್ತೇನೆ ಎಂಬ ತಿಳುವಳಿಕೆಯೂ ಒಂದೇ ಮನಸ್ಸಿನಲ್ಲಿ ಜಗಳವಾಡುತ್ತವೆ. ಜಗಳ ನಿಲ್ಲಬೇಕಾದರೆ ಒಂದು ಸೋಲಬೇಕು. ಬಿಡುವದು ಕಷ್ಟವಾದದರಿಂದ ಮನುಷ್ಯನು ತಿಳುವಳಿಕೆಯನ್ನು ಸೋಲಿಸುತ್ತಾನೆ. ನಮ್ಮ ಅಜ್ಜ ತೊಂಬತ್ತು ವರುಷ ಚುಟ್ಟ ಸೇದಿ ಬಾಳಲಿಲ್ಲವೋ? ಸೇದದವರು ಸಾಯುವದಿಲ್ಲವೋ? ಬೀಡಿ ಸೇದದಿದ್ದರೆ ಬೆಳಿಗ್ಗೆ ಹೊಟ್ಟೆ ಸಡಿಲವಾಗದು! ಈ ಮಾತುಗಳನ್ನು ಕೇಳದ ಹಳ್ಳಿ ಯಾವದು? ಇವು ಮೂರ್ಖತನದ ಮಾತುಗಳಲ್ಲ. ನೊಂದ ಮನಸ್ಸು ತನಗೆ ಕಟ್ಟಿಕೊಂಡ ಪಟ್ಟಿಗಳು. ಗಾಯವನ್ನು ವಾಸಿಮಾಡದೆ ಪಟ್ಟಿಯನ್ನು ಕಿತ್ತರೆ ರಕ್ತ ಸುರಿಯುವದು. ಅದಲ್ಲದೆ ಬಲವಂತವಾಗಿ ಬೇಡವೆಂದದ್ದರ ಮೇಲೆ ಮನುಷ್ಯನ ಆಶೆ ಹೆಚ್ಚುವದೆಂದು ಬ್ರೆಮ್ ಎಂಬವನು ೧೯೬೬ರಲ್ಲಿ ತೋರಿಸಿದನು. ಪ್ರಾಯದ ಹುಡುಗರ ತಂದೆತಾಯಿಗಳಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.

೫. ಯಾವದಕ್ಕೆ ನಾಚಬೇಕೆಂದು ರೂಢಿಯು ಕಲಿಸುತ್ತದೆ

ಮನಸ್ಸಾಕ್ಷಿಯು ಎಲ್ಲರಲ್ಲಿಯೂ ಉಂಟು. ಆದರೆ ಅದು ಯಾವ ವಿಷಯದಲ್ಲಿ ಚುಚ್ಚಬೇಕೆಂಬದನ್ನು ಬಹುಮಟ್ಟಿಗೆ ನಾಡಿನ ರೂಢಿಯು ಕಲಿಸುತ್ತದೆ. ಇದಕ್ಕೆ ಮಿಜೋರಾಮಿಗಿಂತ ಒಳ್ಳೆಯ ಉದಾಹರಣೆ ಸಿಕ್ಕದು. ಅಲ್ಲಿಯ ಜನರಲ್ಲಿ ಬಹುಭಾಗ ಪ್ರೊಟೆಸ್ಟೆಂಟ್ ಸಭೆಗಳವರು. ಮದ್ಯದ ವಿಷಯದಲ್ಲಿ ಆ ಸಭೆಗಳು ಎಷ್ಟು ದೃಢವಾಗಿ ನಿಂತವೆಂದರೆ ೧೯೯೭ರಲ್ಲಿ ರಾಜ್ಯದಲ್ಲೆಲ್ಲಾ ಪಾನನಿರೋಧವು ಜಾರಿಗೆ ಬಂತು. ಹೀಗಿದ್ದರೂ ನಾವು ಮೇಲೆ ಹೇಳಿದ ೨೦೧೬-೧೭ರ ಗಣನೆಯಲ್ಲಿ ಹೊಗೆಸೊಪ್ಪನ್ನು ಉಪಯೋಗಿಸುವವರು ಅಲ್ಲಿ ನೂರಕ್ಕೆ ೫೮.೭ ಮಂದಿ, ತ್ರಿಪುರವನ್ನು ಬಿಟ್ಟರೆ ದೇಶದಲ್ಲಿಯೇ ಅತಿ ಹೆಚ್ಚು. ಅಲ್ಲಿ ಹೆಂಗಸರೂ ಸೇದುತ್ತಾರೆ. ಹೊಗೆಯನ್ನು ಹಾಯಿಸಿದ ನೀರನ್ನು ಬಾಯಲ್ಲಿ ಇಟ್ಟುಕೊಳ್ಳುವ ಪದ್ಧತಿಯೂ ಉಂಟು. ಮದ್ಯದ ಬಟ್ಟಲು ಚುಚ್ಚುವ ಮನಸ್ಸಾಕ್ಷಿಯನ್ನು ಹೊಗೆಸೊಪ್ಪು ಚುಚ್ಚಲಿಲ್ಲ. ಯಾಕಂದರೆ ಅದು ಅಜ್ಜ ಅಜ್ಜಿಯರಿಂದ ಬಂದ ಮನೆಯ ಮರ್ಯಾದೆಯಾಗಿತ್ತು. ಅದೇ ಈಶಾನ್ಯ ಭಾಗದಲ್ಲಿ, ನಾಗಾಲ್ಯಾಂಡಿನ ಗರಿಫೇಮಾ ಎಂಬ ಹಳ್ಳಿಯವರು ತಾವೇ ಕೂಡಿ ನಿಶ್ಚಯಿಸಿ, ೨೦೧೪ರಲ್ಲಿ ತಂಬಾಕಿಲ್ಲದ ಗ್ರಾಮವೆಂದು ಹೆಸರುಗೊಂಡರು. ರೂಢಿಯನ್ನು ಕಟ್ಟಿದವರು ರೂಢಿಯನ್ನು ಬಿಚ್ಚಲೂ ಬಲ್ಲರು.

ಚೀನಾ ದೇಶವನ್ನು ನೋಡಿರಿ. ಅಲ್ಲಿ ಹೊಸ ವರುಷದಲ್ಲಿಯೂ ಮದುವೆಯಲ್ಲಿಯೂ ಸಿಗರೇಟು ಕೊಡುವದು ಮರ್ಯಾದೆ. ಕೊಟ್ಟದ್ದನ್ನು ಬೇಡವೆಂದರೆ ಕೊಟ್ಟವನನ್ನೇ ಬೇಡವೆಂದ ಹಾಗೆ. ಅಂಥಲ್ಲಿ, ನಿನ್ನ ಶ್ವಾಸಕೋಶವನ್ನು ಕಾಪಾಡಿಕೋ ಎಂದು ಹೇಳಿದರೆ ಸಾಲದೆಂದು ತಿಳಿದು ೨೦೦೯ರಲ್ಲಿ, ಸಿಗರೇಟಿನ ಕಾಣಿಕೆಯು ಕೇಡಿನ ಕಾಣಿಕೆ ಎಂಬ ಅಭಿಪ್ರಾಯದ ಪ್ರಚಾರವನ್ನು ನಡಿಸಿದರು. ಮಾತು ಸೇದುವವನಿಗಲ್ಲ, ಕೊಡುವವನಿಗೆ. ಜಪಾನಿನ ತೋಕಿಯೊ ಪಟ್ಟಣದ ಚಿಯೋದ ಎಂಬ ವಿಭಾಗದಲ್ಲಿ ೨೦೦೨ರಿಂದ ಬೀದಿಯಲ್ಲಿ ನಡೆಯುತ್ತಾ ಸೇದಿದರೆ ದಂಡ. ಅಲ್ಲಿ ಒತ್ತಿ ಹೇಳಿದ್ದು ಸೇದುವವನ ರೋಗವನ್ನಲ್ಲ. ಅವನ ಕೈಯ ಕೆಂಡವು ಪಕ್ಕದ ಮಗುವಿನ ಮುಖಕ್ಕೆ ತಗಲುವದನ್ನು. ಇತರರಿಗೆ ತೊಂದರೆ ಮಾಡಬಾರದೆಂಬದು ಅಲ್ಲಿ ಎಲ್ಲರೂ ಮೊದಲೇ ಒಪ್ಪಿದ ಮಾತು.

ರೂಢಿಯನ್ನು ವ್ಯಾಪಾರಿಗಳೂ ಬಲ್ಲರು. ೧೯೨೯ರಲ್ಲಿ ನ್ಯೂಯಾರ್ಕಿನಲ್ಲಿ ಈಸ್ಟರ್ ದಿನದ ಮೆರವಣಿಗೆಯ ಹೊತ್ತಿನಲ್ಲಿ, ಸಿಗರೇಟು ಕಂಪೆನಿಗೆ ಕೆಲಸಮಾಡುತ್ತಿದ್ದ ಎಡ್ವರ್ಡ್ ಬರ್ನೇಸ್ ಎಂಬವನು ಯುವತಿಯರು ಬೀದಿಯಲ್ಲಿ ಸೇದುವ ಹಾಗೆ ಏರ್ಪಾಡು ಮಾಡಿ, ಅದನ್ನು ಸ್ತ್ರೀಸ್ವಾತಂತ್ರ್ಯದ ದೀವಿಗೆಯೆಂದು ಪ್ರಸಿದ್ಧಿಪಡಿಸಿದನು. ನಾಚಿಕೆಯ ಕೆಲಸವನ್ನು ಅಭಿಮಾನದ ಕೆಲಸವಾಗಿ ತಿರುಗಿಸಿದ ಯುಕ್ತಿಯಿದು.

ಇನ್ನು ನಮ್ಮ ಕನ್ನಡ ಹಳ್ಳಿಗೆ ಬರೋಣ. ಬಂದವರಿಗೆ ಎಲೆ ಅಡಿಕೆಯ ತಟ್ಟೆಯನ್ನು ಮುಂದಿಡುವದು ನಮ್ಮ ಮರ್ಯಾದೆ. ಅದರ ಬದಿಯಲ್ಲಿ ಹೊಗೆಸೊಪ್ಪಿನ ಚೂರೂ ಕೂತಿದೆ. ಕೂಲಿಯ ಹೊತ್ತಿನಲ್ಲಿ ಒಂದು ಬೀಡಿಯನ್ನು ಹಂಚಿಕೊಳ್ಳುವದು ಸ್ನೇಹ. ಹಿರಿಯರು ಬರುವದನ್ನು ಕಂಡ ಕೂಡಲೇ ಕಿರಿಯನು ಬೀಡಿಯನ್ನು ಬೆನ್ನ ಹಿಂದೆ ಮರೆಮಾಡುತ್ತಾನೆ. ಹಿರಿಯರು ಕಂಡೂ ಕಾಣದವರಂತೆ ಹೋಗುತ್ತಾರೆ. ಇದನ್ನು ನಾವು ವಿನಯವೆಂದು ಹೊಗಳುತ್ತೇವೆ. ವಿನಯವೇ ಸರಿ, ಆದರೆ ನಾಚಿಕೆಯು ಬೀಡಿಯನ್ನು ಮುಂದಿನಿಂದ ಹಿಂದಕ್ಕೆ ಸಾಗಿಸಿತೇ ಹೊರತು ನೆಲಕ್ಕೆ ಬಿಸಾಡಿಸಲಿಲ್ಲ. ಹೆಂಗಸರು ಸೇದುವದು ನಮ್ಮಲ್ಲಿ ನಾಚಿಕೆ. ಆದದರಿಂದ ಸೇದುವವರು ಸ್ವಲ್ಪ. ಎಲೆ ಅಡಿಕೆಯೊಂದಿಗೆ ಹೊಗೆಸೊಪ್ಪನ್ನು ಅಗಿಯುವದಕ್ಕೆ ನಾಚಿಕೆಯಿಲ್ಲ. ಆದದರಿಂದ ಬಾಯಿಯ ಅರ್ಬುದವು ಅವರನ್ನು ಬಿಡಲಿಲ್ಲ. ನೋಡಿದಿರಾ, ನಾಚಿಕೆಯು ಕಾವಲುಗಾರನಾದರೂ ಒಂದೇ ಬಾಗಿಲನ್ನು ಕಾಯುತ್ತಾನೆ.

೬. ಹೊಗೆಸೊಪ್ಪಿನಿಂದ ಅನ್ನ ಉಣ್ಣುವವರು

ಇನ್ನೊಂದು ಸಂಗತಿಯನ್ನು ಮರೆಯಬಾರದು. ಹುಣಸೂರು, ಪಿರಿಯಾಪಟ್ಟಣ ತಾಲೂಕುಗಳ ಒಕ್ಕಲಿಗರು ಸಿಗರೇಟಿನ ಹೊಗೆಸೊಪ್ಪನ್ನು ಬೆಳೆಯುತ್ತಾರೆ. ನಿಪ್ಪಾಣಿಯ ಸುತ್ತುಮುತ್ತ ಬೀಡಿಯ ಹೊಗೆಸೊಪ್ಪು ಬೆಳೆಯುತ್ತದೆ. ದಕ್ಷಿಣ ಕನ್ನಡದಲ್ಲಿ ಎಷ್ಟೋ ಮನೆಗಳ ಹೆಂಗಸರು ಮೊರವನ್ನು ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟಿ, ಆ ಹಣದಿಂದ ಮಕ್ಕಳನ್ನು ಓದಿಸಿದ್ದಾರೆ. ಇಂಥವರು ಕೂತಿರುವ ಸಭೆಯಲ್ಲಿ, ಹೊಗೆಸೊಪ್ಪನ್ನು ಮುಟ್ಟಿದವರೆಲ್ಲರೂ ಕೊಲೆಗಾರರೆಂದು ಗುಡುಗಿದರೆ ಆ ತಾಯಿ ಏನು ಮಾಡಬೇಕು? ಮೊರವನ್ನು ಬಿಸಾಡಿದರೆ ಸಾಯಂಕಾಲದ ಗಂಜಿ ಎಲ್ಲಿಂದ? ಅವಳಿಗೆ ಬೇಕಾದದ್ದು ಬೇರೆ ಕೆಲಸದ ದಾರಿ, ಧೂಳಿನಿಂದ ಎದೆಯನ್ನು ಕಾಪಾಡಿಕೊಳ್ಳುವ ಬುದ್ಧಿವಾದ, ಮಕ್ಕಳನ್ನು ಆ ಕೆಲಸಕ್ಕೆ ಹಚ್ಚದೆ ಶಾಲೆಗೆ ಕಳುಹಿಸುವ ಧೈರ್ಯ. ಉಪಾಯವಿಲ್ಲದವರ ಮೇಲೆ ಅಪರಾಧವನ್ನು ಹೊರಿಸುವದು ಉಪದೇಶವಲ್ಲ. ಅದು ಭಾರದ ಮೇಲೆ ಭಾರ.

೭. ಹಾಗಾದರೆ ಮಾತಾಡುವದು ಹೇಗೆ?

ಮೊದಲನೆಯದಾಗಿ, ಸಭೆಯಲ್ಲಿ ಕೆಲಸವನ್ನು ಕುರಿತು ಮಾತಾಡಿರಿ. ಮನುಷ್ಯನನ್ನು ಕುರಿತು ಅವನ ಮನೆಯಲ್ಲಿ, ಒಬ್ಬರೇ ಇರುವಾಗ ಮಾತಾಡಿರಿ. ಆಗಲೂ ಮೊದಲು ಕೇಳಿರಿ, ಆಮೇಲೆ ಹೇಳಿರಿ. ಎಂದಾದರೂ ಬಿಡಬೇಕೆಂದು ಯತ್ನಿಸಿದ್ದುಂಟೋ ಎಂದು ವಿಚಾರಿಸಿದರೆ ಬಹಳ ಮಂದಿ, ಎರಡು ಸಾರಿ ಬಿಟ್ಟೆ, ಮೂರು ಸಾರಿ ಬಿಟ್ಟೆ ಎನ್ನುವರು. ಅದು ಸೋಲಿನ ಕಥೆಯಲ್ಲ. ಅವರೊಳಗೆ ಇಚ್ಛೆಯಿದೆ ಎಂಬದಕ್ಕೆ ಸಾಕ್ಷಿ.

ಎರಡನೆಯದಾಗಿ, ಇದು ಕೇವಲ ಮನೋಬಲದ ಕೊರತೆಯಲ್ಲವೆಂದು ತಿಳಿಸಿರಿ. ಹೊಗೆಸೊಪ್ಪಿನಲ್ಲಿ ನಿಕೊಟಿನ್ ಎಂಬ ಪದಾರ್ಥವುಂಟು. ಸೇದಿದ ಕೆಲವು ಸೆಕೆಂಡುಗಳಲ್ಲಿಯೇ ಅದು ಮಿದುಳನ್ನು ಮುಟ್ಟಿ ಅದನ್ನು ತನಗೆ ಒಗ್ಗಿಸಿಕೊಳ್ಳುತ್ತದೆ. ಬಿಟ್ಟವನಿಗೆ ಸಿಡುಕು, ನಿದ್ರೆಗೇಡು, ಚಡಪಡಿಕೆ ಬರುವವು. ಮೊದಲನೆಯ ವಾರವೇ ಅತಿ ಕಷ್ಟ. ಕೆಲವು ವಾರಗಳಲ್ಲಿ ಅವು ತಗ್ಗುವವು. ಮುಂಚಿತವಾಗಿ ಇದನ್ನು ತಿಳಿದವನು ಕಷ್ಟ ಬಂದಾಗ, ನಾನು ಕೆಲಸಕ್ಕೆ ಬಾರದವನು ಎಂದು ಕೈಚೆಲ್ಲುವದಿಲ್ಲ. ಆ ವಾರದಲ್ಲಿ ಮನೆಯವರು ಅವನ ಸಿಡುಕನ್ನು ತಾಳಿಕೊಳ್ಳಲಿ.

ಮೂರನೆಯದಾಗಿ, ಬಾಗಿಲನ್ನು ತೋರಿಸಿರಿ. ೧೮೦೦-೧೧-೨೩೫೬ ಎಂಬ ಸಂಖ್ಯೆಗೆ ಹಣವಿಲ್ಲದೆ ದೂರವಾಣಿಯಲ್ಲಿ ಮಾತಾಡಬಹುದು. ಇದು ೨೦೧೮ರಿಂದ ಪೊಟ್ಟಣಗಳ ಮೇಲೆಯೇ ಅಚ್ಚಾಗುತ್ತಾ ಬಂದಿದೆ. ಮುಖ ತೋರಿಸದೆ ಮಾತಾಡಬಹುದಾದದರಿಂದ ನಾಚುವವರಿಗೆ ಇದು ದೊಡ್ಡ ಉಪಕಾರ. ಸರಕಾರಿ ಆಸ್ಪತ್ರೆಯ ವೈದ್ಯರನ್ನು ಕೇಳಿದರೆ ಆಶೆಯನ್ನು ತಗ್ಗಿಸುವ ಔಷಧಗಳ ವಿಷಯವನ್ನೂ ತಿಳಿಸುವರು. ಎರಡು ವಾರಕ್ಕೆ ಮೀರಿ ಕೆಮ್ಮು ಇದ್ದವರನ್ನು ಕಫ ಪರೀಕ್ಷೆಗೆ ನೀವೇ ಜೊತೆಯಲ್ಲಿ ಕರಕೊಂಡು ಹೋಗಿರಿ.

ನಾಲ್ಕನೆಯದಾಗಿ, ಒಳ್ಳೆಯ ವರ್ತಮಾನವನ್ನು ಮುಚ್ಚಿಡಬೇಡಿರಿ. ಬಿಟ್ಟು ಒಂದು ವರುಷವಾದರೆ, ಸೇದುವದರಿಂದ ಹೆಚ್ಚಿದ ಹೃದ್ರೋಗದ ಅಪಾಯವು ಸುಮಾರು ಅರ್ಧಕ್ಕೆ ಇಳಿಯುತ್ತದೆ. ತಡವಾಯಿತೆಂಬ ಮಾತೇ ಇಲ್ಲ. ಅರುವತ್ತರಲ್ಲಿ ಬಿಟ್ಟವನಿಗೂ ಲಾಭವುಂಟು.

ಐದನೆಯದಾಗಿ, ರೂಢಿಯನ್ನು ಒಟ್ಟಾಗಿ ತಿದ್ದಿರಿ. ಮದುವೆ ಮನೆಯ ತಟ್ಟೆಯಿಂದ ಹೊಗೆಸೊಪ್ಪನ್ನೂ ಬೀಡಿ ಕಟ್ಟನ್ನೂ ತೆಗೆದರೆ ಯಾರಿಗೂ ಅವಮಾನವಿಲ್ಲ. ಕೊಡದ ಮರ್ಯಾದೆಯೇ ಮರ್ಯಾದೆಯಾಗುವದು. ಬೀಡಿ ತರುವದಕ್ಕೆ ಮಕ್ಕಳನ್ನು ಅಂಗಡಿಗೆ ಕಳುಹಿಸುವದನ್ನು ಇಂದೇ ನಿಲ್ಲಿಸಿರಿ.

ಇಂಥ ತಾಳ್ಮೆಯ ಕೆಲಸಕ್ಕೆ ಫಲವಿಲ್ಲವೆಂದು ಎಣಿಸಬೇಡಿರಿ. ಕೇರಳದ ಎರ್ನಾಕುಲಂ, ಆಂಧ್ರದ ಶ್ರೀಕಾಕುಳಂ, ಗುಜರಾತಿನ ಭಾವನಗರ ಈ ಮೂರು ಜಿಲ್ಲೆಗಳ ಹಳ್ಳಿಗಳಲ್ಲಿ ಹೊಗೆಸೊಪ್ಪು ಉಪಯೋಗಿಸುವ ೩೬,೦೦೦ ಮಂದಿಯನ್ನು ಮನೆಮನೆಗೆ ಹೋಗಿ ಕಂಡು, ಬಾಯಿಯನ್ನು ಪರೀಕ್ಷಿಸಿ, ಒಬ್ಬೊಬ್ಬರಿಗೂ ಬುದ್ಧಿವಾದ ಹೇಳಿದರು. ಅದರ ಫಲವು ೧೯೮೬ರಲ್ಲಿ ಪ್ರಕಟವಾಯಿತು. ಬುದ್ಧಿವಾದ ಕೇಳಿದವರಲ್ಲಿ ಬಿಟ್ಟವರು, ಕೇಳದವರಿಗಿಂತ ಸ್ಪಷ್ಟವಾಗಿ ಹೆಚ್ಚು. ಆದರೂ ಬಿಡದವರೇ ಬಹಳ ಮಂದಿ. ಇದರಿಂದ ಎರಡನ್ನು ಕಲಿಯೋಣ: ಮನೆಬಾಗಿಲಿಗೆ ಹೋದ ಮಾತಿಗೆ ಬಲವುಂಟು, ಆ ಮಾತು ಒಂದು ಸಾರಿ ಹೇಳಿ ಮುಗಿಸತಕ್ಕದ್ದಲ್ಲ.

ನಾವು ಮೇಲೆ ಹೇಳಿದ ಕಲ್ಲುಕೆಲಸದವರು ಬೀಡಿಯನ್ನು ಒಂದೇ ದಿನದಲ್ಲಿ ಬಿಡಲಿಲ್ಲ. ಮೊದಲನೆಯ ಸಾರಿ ಹನ್ನೊಂದು ದಿನ ಬಿಟ್ಟು ತಿರಿಗಿ ಹಿಡಿದರು. ಆ ಸಾಯಂಕಾಲ ಅವರು ಏರಿಯ ಹಿಂದಕ್ಕೆ ಹೋಗದೆ ನಮ್ಮ ಮನೆಗೆ ಬಂದು, “ತಪ್ಪಿದೆ, ಉಪದೇಶಿಗಳೇ” ಎಂದರು. ಅವರು ಅಡಗಿಕೊಳ್ಳದೆ ಬಂದದ್ದೇ ನಮಗೆ ದೊಡ್ಡ ಸಂತೋಷವಾಯಿತು. ಎರಡನೆಯ ಸಾರಿ ಬಿಟ್ಟದ್ದು ನಿಂತಿತು. ಈಗ ದಿಬ್ಬದ ಮೇಲಿನ ಗುಡಿಗೆ ಬರುವಾಗ ಅವರು ದಾರಿಯಲ್ಲಿ ಎರಡು ಸಾರಿ ಕೂತು ಉಸಿರು ತಕ್ಕೊಳ್ಳುತ್ತಾರೆ. ನಾವು ಅವರ ಸಂಗಡ ಕೂರುತ್ತೇವೆ. ನಮ್ಮ ನಾಲಿಗೆಯಿಂದ ತಡವಾದ ಆ ಮಳೆಗಾಲವನ್ನು ನಾವು ಅಲ್ಲಿ ನೆನಸದ ದಿನವಿಲ್ಲ.

ಯೋಚಿಸತಕ್ಕ ಪ್ರಶ್ನೆಗಳು

(೧) ಅಪರಾಧಭಾವಕ್ಕೂ ಅವಮಾನಕ್ಕೂ ಭೇದವೇನು? ನಿಮ್ಮ ಮನೆಯಲ್ಲಿ ಗದರಿಸುವಾಗ ಯಾವದು ಹುಟ್ಟುತ್ತದೆ?

(೨) ಹೆದರಿಸುವದು ಮಾತ್ರ ಸಾಲದೇಕೆ? ಅದರ ಜ್ಯೋತೆಗೆ ಏನು ಬೇಕು?

(೩) ಮಿಜೋರಾಮಿನ ದೃಷ್ಟಾಂತದಿಂದ ರೂಢಿಯ ವಿಷಯವಾಗಿ ಏನು ಕಲಿಯುತ್ತೇವೆ? ನಮ್ಮ ಊರಿನಲ್ಲಿ ಯಾರಿಗೂ ನಾಚಿಕೆಯಿಲ್ಲದ ಕೇಡು ಯಾವದು?

(೪) ಬೀಡಿ ಕಟ್ಟುವ ತಾಯಿಯ ಸಂಗಡ ನೀವು ಹೇಗೆ ಮಾತಾಡುವಿರಿ?

(೫) ಬಿಡಬೇಕೆಂದು ಇಚ್ಛಿಸುವ ಒಬ್ಬರನ್ನು ನೆನಸಿಕೊಳ್ಳಿರಿ. ಈ ವಾರದಲ್ಲಿ ಅವರ ಮನೆಗೆ ಹೋಗಿ, ಏನೂ ಹೇಳುವದಕ್ಕೆ ಮುಂಚೆ ಏನನ್ನು ಕೇಳುವಿರಿ?